ಎಮ್ಮೆ ಕರೆದು ಇತಿಹಾಸ ಓದುವ ಚಿಕ್ಕಲಕ್ಷ್ಮಮ್ಮ

ರಾಜಾಜಿನಗರದ ಹೊಸ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿಕ್ಕಲಕ್ಷ್ಮಮ್ಮ ಎಮ್ಮೆಯನ್ನು ಮನೆಯೊಂದರ ಮುಂದೆ ನಿಲ್ಲಿಸಿ, ಕುಕ್ಕರುಗಾಲಲ್ಲಿ ಕೂತು ಕೆಚ್ಚಲು ತೊಳೆಯುತ್ತಿದ್ದಾಳೆ. ಮನೆಯೊಡತಿ ವತ್ಸಲಾ ಶಾಲು ಹೊದ್ದು ಬಾಗಿಲಲ್ಲಿ ನಿಂತು, ಚೆಂಬಿಗೆ ನೀರು ಸೇರದಂತೆ ಕಣ್ಣಲ್ಲೇ ಕಾವಲು ಕಾಯುತ್ತಾರೆ. ಈ ಬಡಾವಣೆಯವರಿಗೆ ಹಾಲು ಹೀಗೇ ಬೇಕು, ಕಣ್ಣೆದುರು ಕರೆದದ್ದು.

"ನಿಂಗೆ ಹಿಸ್ಟರಿ ಯಾಕೆ ಬೇಕಿತ್ತು? ಟೈಪಿಂಗ್ ಆದ್ರೂ ಕಲೀಬಾರ್ದಾ?" ಎಂದು ವತ್ಸಲಾ ಕೇಳುತ್ತಾರೆ.

"ನಿಮ್ ಅಡುಗೆಮನೆ ಇರೋ ಜಾಗದಲ್ಲಿ ಮೊದ್ಲು ಏನಿತ್ತು, ಗೊತ್ತಾ ಅಮ್ಮಾವ್ರೆ?"

"ಏನಿತ್ತು?"

"ನಮ್ ಅವರೆಕಾಯಿ. ಅದಕ್ಕೇ ಹಿಸ್ಟರಿ."

ನಗುತ್ತಲೇ ಹೇಳುತ್ತಾಳೆ, ಆದರೆ ಆ ನಗುವಿಗೆ ಮೊನೆಯಿದೆ. ಬಡಾವಣೆ ಬಂದಾಗ ಅವಳ ಮನೆಯವರ ಹೊಲ ಪೂರ್ತಿ ಹೋಯಿತು. ಉಳಿದದ್ದು ಎರಡು ಎಮ್ಮೆ, ಅಜ್ಜಿ ಮುನಿತಾಯಮ್ಮ, ಮತ್ತು ಊರೆಲ್ಲ ಬೇಡವೆಂದರೂ ಬಿಡದ ಓದು. ಹಾಲು ಹಾಕಿ, ಸಗಣಿ ಬಾಚಿ, ಸೀರೆ ಬದಲಿಸಿ ಮಾಗಡಿ ರಸ್ತೆಯ ಕಾಲೇಜಿಗೆ ನಡೆದು ಹೋಗುತ್ತಾಳೆ. ಕಾಲೇಜು ಅಂದರೆ ಎಣ್ಣೆ ಗಾಣದ ಮೇಲಿನ ನಾಲ್ಕು ಕೋಣೆ. ಬಿ.ಎ.ಯಲ್ಲಿ ಇತಿಹಾಸವನ್ನು ಮೇಜರ್ ತಗೊಂಡವರಲ್ಲಿ ಹುಡುಗಿ ಇವಳೊಬ್ಬಳೇ. ಕೆಳಗೆ ಗಾಣ ಕಿರುಗುಟ್ಟುತ್ತದೆ, ಮೇಲೆ ಉಪನ್ಯಾಸಕ ಸೇತುರಾಮ ಅವರು ಇಂಗ್ಲೆಂಡಿನ ರಾಜರ ಮದುವೆಗಳನ್ನು ಬರೆಸುತ್ತಾರೆ. ಎತ್ತಿನ ಗಾಡಿ ಹೋಗಿಬರುವಷ್ಟು ದೂರದಲ್ಲಿ ಏನಾಗಿತ್ತು ಎನ್ನುವುದು ಪಾಠದಲ್ಲಿಲ್ಲ. ಕೇಳಿದರೆ, ಹಳ್ಳಿಗೆಲ್ಲ ಇತಿಹಾಸ ಇರುವುದಿಲ್ಲಮ್ಮ ಎನ್ನುತ್ತಾರೆ.

ಇತ್ತು. ಅವರ ಹೊಲದ ಮೂಲೆಯಲ್ಲಿ, ಹೊಂಗೆ ಮರದಡಿಯಲ್ಲಿ, ಆಳೆತ್ತರದ ವೀರಗಲ್ಲು ನಿಂತಿತ್ತು. ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ದನಗಳು, ಸುತ್ತ ಅಕ್ಷರ. ಬಿತ್ತನೆಗೆ ಮುಂಚೆ ಮೊದಲ ಹಿಡಿ ರಾಗಿಯನ್ನು ಅವನ ಕಾಲಬುಡಕ್ಕೆ ಸುರಿಯದೆ ಈ ಮನೆಯವರು ಕೂರಿಗೆ ಹೂಡಿದವರಲ್ಲ.

ಸರ್ವೆಯವರು ಸರಪಳಿ ಎಳೆಯುತ್ತಾ, ಅಂಕಿ ಕೆತ್ತಿದ ಗಡಿಕಲ್ಲು ನೆಡುತ್ತಾ ಬಂದಾಗ ಮುನಿತಾಯಮ್ಮ ಹೆದರಿದಳು. ಬರಹ ಇರುವ ಕಲ್ಲೆಲ್ಲ ಸರ್ಕಾರದ್ದು, ಅದು ನಿಂತ ನೆಲವೂ ಸರ್ಕಾರದ್ದು ಎಂದು ಅವಳ ತಲೆಗೆ ಹೊಕ್ಕಿತು. ಊರ ಗಂಡಸರನ್ನು ಕರೆದು ವೀರಗಲ್ಲನ್ನು ಕಿತ್ತು ಬೋರಲು ಮಲಗಿಸಿಬಿಟ್ಟಳು. ದೇವರು ಮಣ್ಣಿಗೆ ಮುಖ ಮಾಡಿ ಮಲಗಿದ, ಮೇಲೆ ಉಳಿದದ್ದು ಬರೀ ಚಪ್ಪಡಿ. ಹೊಲವಂತೂ ಉಳಿಯಲಿಲ್ಲ.

ಕನ್ನಡ ನಾಡು ಒಂದಾಗಿ ಹೊಸ ರಾಜ್ಯ ಹುಟ್ಟಿದ ಈ ನವೆಂಬರಿನ ಒಂದು ಬೆಳಿಗ್ಗೆ, ಹಾಲು ಹಾಕಿ ಬರುವಾಗ ಚಿಕ್ಕಲಕ್ಷ್ಮಮ್ಮನಿಗೆ ಹೊಂಗೆ ಮರದ ಕಡೆಯಿಂದ ಉಳಿಯ ಸದ್ದು ಕೇಳಿಸಿತು. ಚರಂಡಿಯ ಮೇಲೆ ಹಾಸಲು ಕಲ್ಲುಕುಟಿಗರು ಆ ಚಪ್ಪಡಿಯನ್ನು ಸೀಳುತ್ತಿದ್ದರು. ಓಡಿಹೋಗಿ ಅಡ್ಡ ನಿಂತಳು. ಅದು ವೀರಗಲ್ಲು, ಅಡಿಯಲ್ಲಿ ಬರಹ ಇದೆ ಎಂದಳು. ಮೇಸ್ತ್ರಿ ಜಗನ್ನಾಥ ಬೀಡಿ ಹಚ್ಚಿದ.

"ಎಲ್ಲಿದೆಯಮ್ಮಾ ಬರಹ? ನಂಗೇನೂ ಕಾಣ್ತಿಲ್ಲ. ಕಾಲೇಜ್‌ನೋರ ಹತ್ರ ಒಂದ್ ಚೀಟಿ ತಗೊಂಬಾ, ನಿಲ್ಸ್ತೀನಿ."

ಕಾಲೇಜಿನಲ್ಲಿ ಅಂದು ಸಮಾರಂಭ. ಮಾವಿನ ತೋರಣ, ಬಾಡಿಗೆ ಮೈಕು. ಸೇತುರಾಮ ಅವರು ಕನ್ನಡ ನಾಡಿನ ವೀರಪರಂಪರೆಯ ಬಗ್ಗೆ ಭಾಷಣ ಸಿದ್ಧ ಮಾಡಿಕೊಂಡಿದ್ದರು. ಒಂದು ಚೀಟಿ ಬರೆದುಕೊಡಿ ಸಾರ್ ಎಂದು ಅವಳು ಬೇಡಿಕೊಂಡಳು. ನೋಡದೆ ಹೇಗೆ ಬರೆಯುವುದು, ಸಮಾರಂಭ ಮುಗಿಯಲಿ, ನಾಳೆ ಬರುತ್ತೇನೆ ಎಂದರು.

"ನಾಳೆ ಅದರ ಮೇಲೆ ನಡ್ಕೊಂಡ್ ಬರ್ತೀರ ಸಾರ್, ಕೆಳಗಡೆ ಚರಂಡಿ ಹರೀತಿರುತ್ತೆ," ಎಂದು ಹೇಳಿ ಮೆಟ್ಟಿಲಿಳಿದಳು. ಬೆನ್ನ ಹಿಂದೆ ಮೈಕು ವೀರರನ್ನು ಹೊಗಳಲು ಶುರು ಮಾಡಿತ್ತು. "ಅವತ್ತು ನಂಗೆ ಅಳು ಬರ್ಲಿಲ್ಲ. ಗಾಣದೋರ ಹತ್ರ ಸೌದೆ ಇಸ್ಕೊಂಡು ಆ ಮೈಕಿಗೆ ಬಾರಿಸ್ಬೇಕು ಅನ್ನಿಸ್ತು," ಎನ್ನುತ್ತಾಳೆ.

ಬರಿಗೈಯಲ್ಲಿ ಹೊಂಗೆಯಡಿಗೆ ಮರಳಿದಾಗ ಅವಳ ಮಾತಿಗೆ ಕಿವಿಗೊಟ್ಟವಳು, ಅಲ್ಲಿ ಮಣ್ಣು ಹೊರುವ ಹೆಂಗಸರ ಮುಂದಾಳು ಪಟಾಲಮ್ಮ. ಊಟದ ಹೊತ್ತು. ಮೇಸ್ತ್ರಿ ಹೋಟೆಲಿಗೆ ಹೋಗಿದ್ದ. ಪಟಾಲಮ್ಮ ಮುದ್ದೆಯ ಕೈ ತೊಳೆದು, ಬಂದದ್ದು ಬರಲಿ ನೋಡೇಬಿಡೋಣ ಎಂದಳು. ಹೆಂಗಸರು ಹಾರೆ ಕೊಟ್ಟು ಮೀಟಿದರು, ಕಲ್ಲುಕುಟಿಗರೂ ಹೆಗಲು ಕೊಟ್ಟರು. ಕಲ್ಲು ಮಗುಚಿತು. ಮಣ್ಣು ಉದುರಿದ ಕಡೆ ಕತ್ತಿ ಹಿಡಿದ ಕೈ ಕಂಡಿತು, ಆಮೇಲೆ ದನಗಳು, ಆಮೇಲೆ ಅಕ್ಷರದ ಸಾಲು. ಕಲ್ಲುಕುಟಿಗರು ಉಳಿ ಕೆಳಗಿಟ್ಟು ಕೈ ಮುಗಿದರು. ಹೋಟೆಲಿನಿಂದ ಬಂದ ಜಗನ್ನಾಥ ಎಷ್ಟು ಕೂಗಾಡಿದರೂ ಅವರು ಮತ್ತೆ ಉಳಿ ಮುಟ್ಟಲಿಲ್ಲ.

ಆದರೆ ಮೇಲ್ತುದಿ ಇರಲಿಲ್ಲ. ಬೆಳಿಗ್ಗೆಯೇ ಸೀಳಿದ ಆ ತುಂಡು ಜಲ್ಲಿಯಾಗಿ ಮೋರಿಯ ಕಾಂಕ್ರೀಟಿಗೆ ಸೇರಿಹೋಗಿತ್ತು. ಮಾರನೆಯ ದಿನ ಬಂದ ಸೇತುರಾಮ ಅವರು ಉಳಿದ ಸಾಲುಗಳನ್ನು ಓದಿದರು: ಈ ಊರಿನವನು, ಕಳ್ಳರು ಹೊಡೆದೊಯ್ದ ದನಗಳನ್ನು ಬಿಡಿಸಿ ಸತ್ತ. ಹೆಸರು ಮೊದಲ ಸಾಲಿನಲ್ಲಿತ್ತು, ಆ ಸಾಲೇ ಹೋಗಿದೆ.

ಕಲ್ಲನ್ನು ಕಾಲೇಜಿನ ಬಾಗಿಲಲ್ಲಿ ನಿಲ್ಲಿಸೋಣ, ಪತ್ರಿಕೆಯಲ್ಲೂ ಬರುತ್ತದೆ ಎಂದು ಅವರು ಉತ್ಸಾಹದಿಂದ ಹೇಳಿದರು. "ಇದು ಇಲ್ಲಿ ಸತ್ತೋನ ಕಲ್ಲು ಸಾರ್, ಇಲ್ಲೇ ಇರುತ್ತೆ," ಎಂದಳು ಚಿಕ್ಕಲಕ್ಷ್ಮಮ್ಮ. ಊರವರು ಅಂದೇ ಕಲ್ಲನ್ನು ಹೊಂಗೆಯಡಿ ಮತ್ತೆ ನೆಟ್ಟರು. ಮುನಿತಾಯಮ್ಮ ಮಾತ್ರ ಹತ್ತಿರ ಹೋಗಲಿಲ್ಲ. ದೂರದಲ್ಲೇ ಕೂತು, "ಉಳಿಸ್ಕೊಳ್ಳೋಕೆ ಹೋಗಿ ನಾನೇ ಕೊಂದೆ ಕಣಮ್ಮಿ," ಎಂದಳು.

ಮಾರ್ಚಿನಲ್ಲಿ ಕೊನೆಯ ಪರೀಕ್ಷೆ. ಪಾಸಾದರೆ ಈ ಬಡಾವಣೆಯಲ್ಲೇ ಶಾಲೆಯ ಮೇಷ್ಟ್ರಮ್ಮ ಆಗಬೇಕು, ಅಷ್ಟೇ ಅವಳ ಆಸೆ. ಎಮ್ಮೆಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಮುಂದಿನ ಮನೆಯತ್ತ ಹೊರಟವಳು ಒಂದು ಗಳಿಗೆ ನಿಲ್ಲುತ್ತಾಳೆ.

"ಮಕ್ಳನ್ನ ಮೊದ್ಲು ಆ ಕಲ್ಲಿನ ಹತ್ರಾನೇ ಕರ್ಕೊಂಡ್ ಹೋಗ್ತೀನಿ. ಇವನ ಹೆಸ್ರು ಯಾಕಿಲ್ಲ ಮಿಸ್ ಅಂತ ಕೇಳೇ ಕೇಳ್ತವೆ. ಆಗ ಅದನ್ನ ಅಳಿಸಿದೋರ ಹೆಸ್ರು ಒಂದೂ ಬಿಡ್ದೆ ಹೇಳ್ತೀನಿ. ಒಡೆದ ಮೇಸ್ತ್ರಿ, ಚೀಟಿ ಕೊಡದ ನಮ್ ಸಾರ್... ನಮ್ಮಜ್ಜಿ ಹೆಸ್ರನ್ನೂ ಸೇರ್ಸಿ."