ಕುರ್ಚಿ ಎಂದು ದಾಖಲಾದ ಹೆಂಗಸು

ವಸ್ತುಸಂಗ್ರಹಾಲಯದ ಫೋಟೋ ಕೋಣೆಯಲ್ಲಿ ನನ್ನ ಪಕ್ಕದ ಮೇಜಿನವರನ್ನು ಎಲ್ಲರೂ ಭೂತಗನ್ನಡಿ ಅಕ್ಕ ಎನ್ನುತ್ತಿದ್ದೆವು. ನೂರನಲವತ್ತು ವರ್ಷಗಳ ಹಿಂದೆ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಹೆಂಗಸರ ಫೋಟೋಗಳನ್ನು ನೋಡಿ, ಅವರು ಎಂಥವರೆಂದು ದಾಖಲೆ ಬರೆಯುವುದು ಅವರ ಕೆಲಸ. "ಈ ಸರ ಸ್ಟುಡಿಯೋದವನದು. ಇದೇ ಸರ ಇನ್ನೂ ನಾಲ್ಕು ಜನರ ಕುತ್ತಿಗೇಲಿದೆ. ರೇಷ್ಮೆ, ಹೂದಾನಿ, ಕೈಯಲ್ಲಿರೋ ಪುಸ್ತಕ, ಎಲ್ಲ ಎರವಲು. ಮುಖ ನೋಡಿ ಮಣೆ ಹಾಕೋದು ಬಿಡಿ, ಕೈ ನೋಡಿ" ಎಂದು ಗದರುತ್ತಿದ್ದರು. ಹೊಸ ಸಾಹೇಬರು ಫೋಟೋದಲ್ಲಿದ್ದ ಒಬ್ಬಾಕೆಯನ್ನು ಶ್ರೀಮಂತೆ ಎಂದಾಗ, "ಉಗುರು ನೋಡಿ ಸಾರ್, ಪಾತ್ರೆ ತಿಕ್ಕಿ ಸವೆದಿದೆ" ಎಂದು ಬಾಯಿ ಮುಚ್ಚಿಸಿದ್ದರು. ಅಕ್ಕನ ಹತ್ತಿರ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಅವರು ನಿವೃತ್ತರಾಗುವ ವರ್ಷ ವಯಸ್ಸಾದ ಆಯಮ್ಮ ಒಬ್ಬರು ಬಂದರು. ನಲವತ್ತು ವರ್ಷ ಬೇರೆಯವರ ಮಕ್ಕಳನ್ನು ಸಾಕಿದವರು. ಅವರ ಮುತ್ತಜ್ಜಿಯೂ ಊರಿನ ದೊಡ್ಡ ವಕೀಲರ ಮನೆಯಲ್ಲಿ ಅದೇ ಕೆಲಸ ಮಾಡಿದವಳಂತೆ. ಒಮ್ಮೆ ಮನೆಯವರು ಅವಳನ್ನು ಸ್ಟುಡಿಯೋಗೂ ಕರೆದೊಯ್ದಿದ್ದರಂತೆ.

"ಅವಳು ಹೇಗಿದ್ಲು ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ ಮೇಡಂ. ನನಗೂ ಕಣ್ಣು ಮಂಜಾಗ್ತಿದೆ. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕು."

ವಕೀಲರ ಮನೆಯಿಂದ ಸಂಗ್ರಹಾಲಯಕ್ಕೆ ಬಂದಿದ್ದ ಪೆಟ್ಟಿಗೆಯಲ್ಲಿ ಹನ್ನೊಂದು ಫೋಟೋ ಇದ್ದವು. ಅಕ್ಕ ಹತ್ತನ್ನು ತೋರಿಸಿದರು. ಮನೆಯೊಡತಿ, ಅವಳ ನಾದಿನಿ, ಹೆಣ್ಣುಮಕ್ಕಳು. ಕೆಲಸದವಳು ಎಲ್ಲಿಯೂ ಇಲ್ಲ. ಹನ್ನೊಂದನೆಯದಕ್ಕೆ 'ಮಗು, ಹೊದಿಕೆ ಹಾಕಿದ ಕುರ್ಚಿ' ಎಂಬ ಚೀಟಿ ಅಂಟಿತ್ತು. ಅದನ್ನು ಹೊರಗೆ ತೆಗೆಯಲೇ ಇಲ್ಲ. "ಇಲ್ಲಮ್ಮ" ಎಂದರು. ಆಯಮ್ಮ ಕೈಮುಗಿದು ಹೊರಟರು.

ಪೆಟ್ಟಿಗೆ ಮುಚ್ಚುವಾಗ ಅಕ್ಕನ ಕಣ್ಣು ಆ ಫೋಟೋದ ಮೇಲೆ ಬಿತ್ತು. ಹೊದಿಕೆಯ ನೆರಿಗೆಯಿಂದ ನಾಲ್ಕು ಬೆರಳು ಹೊರಬಂದು ಮಗುವಿನ ಸೊಂಟ ಹಿಡಿದಿದ್ದವು.

ಆಗಿನ ಕ್ಯಾಮೆರಾದ ಮುಂದೆ ಸ್ವಲ್ಪವೂ ಅಲುಗಾಡದೆ ಕೂರಬೇಕಿತ್ತು. ಕೂಸು ಕೂರುತ್ತದೆಯೇ? ಅದಕ್ಕೆ ಎತ್ತಿಕೊಂಡವಳ ತಲೆಯ ಮೇಲಿಂದ ಬಟ್ಟೆ ಹೊದಿಸಿ, ಅವಳ ಮಡಿಲಲ್ಲಿ ಮಗುವನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದರು. ನಮಗೆಲ್ಲ ಇದನ್ನು ಹೇಳಿಕೊಟ್ಟವರೇ ಅಕ್ಕ. ಆದರೂ ಹಿಂದೆ ಈ ಫೋಟೋ ಮೊದಲು ಕೈಗೆ ಬಂದಾಗ ಮಗುವಿನ ಲೇಸಿನ ಅಂಗಿಯನ್ನಷ್ಟೇ ನೋಡಿ ಮುಂದಿನದಕ್ಕೆ ಹೋಗಿದ್ದರು.

ಗೇಟಿನವರೆಗೆ ಓಡಿ ಆಯಮ್ಮನನ್ನು ವಾಪಸ್ ಕರೆತಂದರು. "ನಿಮ್ಮ ಮುತ್ತಜ್ಜಿನೇ ಅಂತ ಆಣೆ ಹಾಕಲ್ಲ. ಮನೆಯೊಡತಿ ಕೈ ಅಂತೂ ಅಲ್ಲ, ಅವಳ ಬೆರಳು ನುಣುಪು. ಇದು ದುಡಿದ ಕೈ."

ಆಯಮ್ಮ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಮುಖಾನೇ ಮುಚ್ಚಿಬಿಟ್ಟಿದ್ದಾರಲ್ಲ ಮೇಡಂ" ಎಂದರು.

ಆಮೇಲೆ ಅವರೇ ಹೇಳಿದರು: "ಕೂಸು ನೋಡಿ. ಹೊಸ ಜಾಗ, ಹೊಸ ಜನ, ಆದ್ರೂ ಮೈಯೆಲ್ಲ ಇವಳ ಮೇಲೆ ಬಿಟ್ಟು ನಿಶ್ಚಿಂತೆಯಾಗಿ ಕೂತಿದೆ. ಕೆಲಸ ಗೊತ್ತಿದ್ದೋಳು." ಚೀಟಿಯ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲೇನು ಬರೆದಿದೆ?"

"ಕುರ್ಚಿ ಅಂತ."

"ಯಾರು ಬರೆದಿದ್ದು?"

ಅಕ್ಕ ಸುಳ್ಳು ಹೇಳಬಹುದಿತ್ತು. "ನಾನೇ" ಎಂದರು.

ಆಯಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. "ಬಿಡಿ ಮೇಡಂ. ನಾನು ಸಾಕಿದ ಮಕ್ಕಳ ಮನೆ ಫೋಟೋಗಳಲ್ಲೂ ನಾನಿಲ್ಲ" ಎಂದು ಮತ್ತೆ ಗಾಜಿಗೆ ಕಣ್ಣಿಟ್ಟರು.