ಮುಂದೆ ನಿಂತವರು

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಮೂವತ್ತು ವರ್ಷ ಕಂಡಕ್ಟರ್ ಚೀಲ ಜೋತುಬಿದ್ದ ಭುಜ ಅದು. ನಿವೃತ್ತರಾದ ಮೇಲೂ ಬರಿದಾಗಿ ಇರಲೊಲ್ಲದು. ಗುಡ್ಡ ಹತ್ತುವ ದಿನ ನಮ್ಮೆಲ್ಲರ ನೀರಿನ ಬಾಟಲಿ, ರೊಟ್ಟಿಯ ಬುತ್ತಿ ತುಂಬಿದ ಚೀಲ ಅಲ್ಲಿಗೇ ಏರುತ್ತಿತ್ತು. ನಮಗೆ ಅವರು ಕಂಡಕ್ಟರ್ ಕಾಕಾ.

ರೋಣದಿಂದ ನರಗುಂದಕ್ಕೆ ದಿನಾ ಅವರ ಬಸ್ಸಿನಲ್ಲಿ ಹೋಗಿಬರುತ್ತಿದ್ದವರು ನಾವು ಮೂವರು: ಸಾಲಿಯಲ್ಲಿ ಕಲಿಸುವ ಅಕ್ಕೋರಾದ ನಾನು, ಬ್ಯಾಂಕಿನಲ್ಲಿದ್ದ ಗೆಳತಿ, ತಹಶೀಲ್ದಾರ ಕಚೇರಿಯ ಗೆಳೆಯ. ಕಿಟಕಿಯಿಂದ ನರಗುಂದದ ಗುಡ್ಡ ನೋಡಿ ನೋಡಿ, ಚಳಿಗಾಲದ ಒಂದು ರವಿವಾರ ಹತ್ತಿಯೇಬಿಡೋಣ ಎಂದು ಹೊರಟೆವು. ಕಾಕಾನೂ ಬಂದರು. ಕಣ್ಣು ಹಾಯುವಷ್ಟು ದೂರ ಸಪಾಟಾದ ಎರೆಹೊಲ, ನಡುವೆ ಇದೊಂದೇ ಗುಡ್ಡ. "ಸಮುದ್ರ ನಾ ನೋಡಿಲ್ರಿ. ನಮಗ ಇದ ಸಮುದ್ರ, ಇದ ದ್ವೀಪ," ಎಂದು ನಕ್ಕರು.

ನನಗೆ ಚಿಕ್ಕಂದಿನಿಂದ ದಮ್ಮು. ಅರ್ಧ ದಾರಿಯೂ ಮುಗಿದಿರಲಿಲ್ಲ, ಹಿಂದೆ ಬಿದ್ದೆ. ಗೆಳೆಯ ಮೇಲೆ ನಿಂತು, "ಅಕ್ಕೋರ, ಸಂಜಿಗರೆ ಮುಟ್ಟತೀರೇನ್ರಿ?" ಎಂದು ಚಾಷ್ಟಿ ಮಾಡಿದ. ನಾನು ಮೊದಲೇ ಸಿಡುಕಿ. "ನೀವ ಹೋಗ್ರಿ, ನಾ ಒಲ್ಲೆ," ಎಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರೂ ಬಂದಿತ್ತು.

ಕಾಕಾ ಅವರಿಬ್ಬರನ್ನೂ ಕೆಳಗೆ ಕರೆದರು. "ನಿಧಾನ ನಡಿಯೋರು ಮುಂದ ಇರಬೇಕು. ಹಿಂದಿದ್ರ ಪಾಪ ಓಡಬೇಕಾಗತೈತಿ. ಮುಂದಿದ್ರ ನಾವ ತಡದ ನಡೀತೇವಿ. ಮುಂದ ನಿಂತೋರನ್ನ ಯಾಕ ಅಂತ ಯಾರೂ ಕೇಳಬಾರದು. ಏಳ್ರಿ ಅಕ್ಕೋರ." ನನ್ನನ್ನು ಮುಂದೆ ನಿಲ್ಲಿಸಿ, ತಾವು ಎಲ್ಲರ ಹಿಂದೆ ಹೋಗಿ ಕೂಗಿದರು: "ರೈಟ್!"

ಅಂದಿನಿಂದ ಪ್ರತಿ ಚಳಿಗಾಲ ಅದೇ ಸಾಲು. ನನ್ನ ಉಸಿರು ಕಟ್ಟಿದ್ದು ಹಿಂದಿನಿಂದಲೇ ಅವರಿಗೆ ಹೇಗೆ ತಿಳಿಯುತ್ತಿತ್ತೋ! "ಹೋಲ್ಡಾನ್! ಆ ಕಡ್ಲಿ ಹೊಲ ನೋಡ್ರಿ, ಏನ ಹಸರ ಐತಿ," ಎನ್ನುತ್ತಿದ್ದರು. ಎಲ್ಲರೂ ಹೊಲ ನೋಡುತ್ತ ನಿಲ್ಲುತ್ತಿದ್ದರು. ನಾನು ಉಸಿರು ತಿರುಗಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ಕಾಕಾ ಚೀಲವನ್ನು ಗೆಳೆಯನ ಕೈಗೆ ಕೊಟ್ಟರು. "ಇವತ್ತ ನಾ ಮುಂದ," ಎಂದರು.

"ಭಲೇ! ಕಂಡಕ್ಟರ್ ಹೋಗಿ ಡ್ರೈವರ್ ಆದ್ರಲ್ರಿ!" ಎಂದೆ ನಾನು. ಎಲ್ಲರೂ ನಕ್ಕರು. ಅವರೂ ನಕ್ಕರು.

ಹತ್ತು ಹೆಜ್ಜೆ ಇಟ್ಟು ನಿಂತರು. ಮತ್ತೆ ಹತ್ತು ಹೆಜ್ಜೆ, ಮತ್ತೆ ನಿಂತರು. ಆ ವರ್ಷ ಡಾಕ್ಟರು ಕೊಟ್ಟ ಹೊಸ ಔಷಧಿಯಿಂದ ನನ್ನ ಉಸಿರು ಹಗುರಾಗಿತ್ತು, ಕಾಲು ತಡೆಯಲೊಲ್ಲವು. "ಕಾಕಾ, ಒಂಚೂರು ಸರೀರಿ," ಎಂದು ಅವರನ್ನು ದಾಟಿ ನಡೆದೆ. ನನ್ನ ಹಿಂದೆ ಉಳಿದಿಬ್ಬರೂ ದಾಟಿದರು. ಜೀವಮಾನದಲ್ಲಿ ಮೊದಲ ಸಲ ನಾನು ತುದಿಯ ಕೋಟೆಗೋಡೆಯನ್ನು ಎಲ್ಲರಿಗಿಂತ ಮುಂಚೆ ಮುಟ್ಟಿ, ಸಣ್ಣ ಹುಡುಗಿಯಂತೆ ಕೂಗಿದೆ.

ಅರ್ಧ ತಾಸಿನ ಮೇಲೆ ಕಾಕಾ ಬಂದರು. ಆ ಚಳಿಯಲ್ಲೂ ಹಣೆ ತುಂಬ ಬೆವರು. "ಅಕ್ಕೋರ ಫಸ್ಟ್ ಬಂದ್ರ! ಭಾಳ ಚಲೋ ಆತು," ಎಂದು ಗೋಡೆಗೆ ಒರಗಿ ಕೂತರು. ರೊಟ್ಟಿ ಮುಟ್ಟಲಿಲ್ಲ. ಇಳಿಯುವಾಗ ದಾರಿಯುದ್ದಕ್ಕೂ ನಾನು ನನ್ನ ಉಸಿರಿನ ಪ್ರತಾಪವನ್ನೇ ಕೊಚ್ಚಿಕೊಂಡೆ.

ತಿಂಗಳು ತುಂಬುವ ಮುಂಚೆ ಕಾಕಾ ಹೋಗಿಬಿಟ್ಟರು. ಮಾತಾಡಿಸಲು ಹೋದಾಗ ಅವರ ಹೆಂಡತಿ, ನಮ್ಮ ಕಾಕು, ನನ್ನ ಕೈ ಹಿಡಿದುಕೊಂಡರು. "ಎದಿ ಸರಿ ಇಲ್ಲ, ಗುಡ್ಡ ಹತ್ತಬ್ಯಾಡ್ರಿ ಅಂದಿದ್ರವ್ವಾ ಡಾಕ್ಟರು. ಇದೊಂದ ಸಲ ಅಂತ ಹಟ ಹಿಡದ್ರು. ಜೋಡಿ ಬರೋರಿಗೆ ಹೇಳರೆ ಹೇಳ್ರಿ ಅಂದ್ನಿ. 'ಹೇಳೂದ್ಯಾಕ? ಮುಂದ ನಿಂತ್ರ ಅಕ್ಕೋರಿಗೆ ತಿಳೀತೈತಿ' ಅಂದ್ರು."

ಉಳಿದವರಿಗೆ ತಿಳಿಯದಿದ್ದರೆ ಇರಲಿ. ಅಷ್ಟು ವರ್ಷ ಮುಂದೆ ನಿಂತವಳು ನಾನು. ನನಗೆ ತಿಳಿಯಬೇಕಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅದು ಇಂದಿಗೂ ಹೋಗಿಲ್ಲ.

ಈ ಚಳಿಗಾಲ ಮೂವರೇ ಹೋದೆವು. ಚೀಲವನ್ನು ನನ್ನ ಎಡಭುಜಕ್ಕೆ ಹಾಕಿಕೊಂಡು ಹಿಂದೆ ನಿಂತೆ. ಮುಂದಿನ ಇಬ್ಬರೂ ತಿರುಗಿ ನೋಡದೆ ಕಾಯುತ್ತಿದ್ದರು. "ರೈಟ್" ಎಂದೆ. ಹತ್ತು ಹೆಜ್ಜೆ ನಡೆದೆವು. "ಹೋಲ್ಡಾನ್," ಎಂದೆ, ನಿಂತರು. ಮತ್ತೆ ಹತ್ತು ಹೆಜ್ಜೆ, ಮತ್ತೆ "ಹೋಲ್ಡಾನ್."

ತುದಿಯವರೆಗೂ ಹಾಗೆಯೇ ಹೋದೆವು. ಯಾಕೆ ಅಂತ ಇಬ್ಬರೂ ಕೇಳಲಿಲ್ಲ.