ಮೆಟ್ಟಿಲ ಮೇಲೆ ಕೂತು ಊದಿದವನು

ಕಾರು ರಿಪೇರಿ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ತುತ್ತೂರಿ ಎಂದೇ ಕರೆಯುತ್ತಿದ್ದರು. "ಅದು ತುತ್ತೂರಿ ಅಲ್ಲಪ್ಪಾ, ಸ್ಯಾಕ್ಸಫೋನು" ಎಂದು ಹೇಳಿ ಹೇಳಿ ಅವನ ಬಾಯಿ ನೋಯಿತೇ ಹೊರತು ಹೆಸರು ಬದಲಾಗಲಿಲ್ಲ. ಜಜ್ಜಿಹೋದ ಕಾರಿನ ಬಾಗಿಲುಗಳನ್ನು ಸುತ್ತಿಗೆಯಿಂದ ಬಡಿದು ಸಮ ಮಾಡುವುದು ಅವನ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಮ್ಮೆ ಪೇಂಟರ್ ತಮಾಷೆಗೆಂದು ಸ್ಯಾಕ್ಸಫೋನಿನ ಬಾಯೊಳಗೆ ಸಿಗರೇಟ್ ತುಂಡು ಎಸೆದಿದ್ದಕ್ಕೆ, ಇವನು ಅವನ ಕುತ್ತಿಗೆ ಹಿಡಿದು ತಲೆಯನ್ನೇ ಪೇಂಟ್ ಡಬ್ಬಿಯಲ್ಲಿ ಅದ್ದಿ ತೆಗೆದ. ಪೇಂಟರ್ ಒಂದು ವಾರ ನೀಲಿ ಕಿವಿ ಹೊತ್ತುಕೊಂಡು ಓಡಾಡಿದ.

ಈ ಮಾತು ಯಾಕೆ ಹೇಳಿದೆನೆಂದರೆ, ತುತ್ತೂರಿ ಹೇಡಿಯಾಗಿರಲಿಲ್ಲ. ಅವನನ್ನು ಹೇಡಿ ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ವಿಷಯ ಅಷ್ಟು ಸುಲಭದ್ದಲ್ಲ.

ಅದು ಬಂದರಿನ ಊರು. ಹಡಗಿನವರು ಬಿಟ್ಟುಹೋದ ಹಳೆಯ ರೆಕಾರ್ಡುಗಳಿಂದ ಅವನು ಜಮೈಕಾ ದೇಶದ ಕುಣಿತದ ಸಂಗೀತ ಸ್ಕಾ ಕಲಿತ, ರೆಗ್ಗೆ ಕಲಿತ. ಅದೂ ಹಾಡುಗಾರನಿಲ್ಲದ, ಬರೀ ವಾದ್ಯದ ಸಂಗೀತ. "ಹಾಡೋರ್ಯಾರು?" ಎಂದು ಯಾರಾದರೂ ಕೇಳಿದರೆ ಸ್ಯಾಕ್ಸಫೋನಿನ ಬೆನ್ನು ತಟ್ಟಿ ತೋರಿಸುತ್ತಿದ್ದ. ಸ್ಕಾ ಎಂದರೆ ಓಟ. ಕಾಲು ನೆಲಕ್ಕೆ ಬೀಳುವಾಗಲ್ಲ, ಮೇಲೇಳುವಾಗ ಗಿಟಾರ್ ಟಕ್ ಎನ್ನಬೇಕು. ಅದನ್ನೇ ನಿಧಾನ ಮಾಡಿ, ಡ್ರಮ್ಮಿನವನು ಮೊದಲನೇ ಪೆಟ್ಟನ್ನು ನುಂಗಿಕೊಂಡು ಮೂರನೆಯದಕ್ಕೆ ಧಡ್ ಎಂದು ಬಿದ್ದರೆ ರೆಗ್ಗೆ. ಆ ಮೊದಲನೇ ಪೆಟ್ಟನ್ನು ನುಂಗುವುದಿದೆಯಲ್ಲ, ಅದು ಎಲ್ಲರಿಗೂ ಬರುವುದಿಲ್ಲ. ಊರಿಗೆಲ್ಲ ಅದು ಬರುತ್ತಿದ್ದದ್ದು ಒಬ್ಬನಿಗೆ, ಇವನ ಅಕ್ಕನ ಗಂಡನಿಗೆ.

ಭಾವ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಶನಿವಾರ ಸಂಜೆ ಡ್ರಮ್ಮಿನ ಹಿಂದೆ ಕೂತನೆಂದರೆ ಹಾಲ್ ತುಂಬ ಜನ ತಾವಾಗಿಯೇ ತೂಗಾಡುತ್ತಿದ್ದರು. ಹಡಗಿನವರೂ ಹಮಾಲರೂ ಕುಡಿದು ಕುಣಿಯುವ ಹಾಲ್ ಅದು, ಹೊಡೆದಾಟ ಇಲ್ಲದ ಶನಿವಾರವೇ ಇರಲಿಲ್ಲ. ಅದಕ್ಕೆ ಭಾವ, ತುತ್ತೂರಿ ಇದ್ದ ಬ್ಯಾಂಡಿನವರದ್ದೊಂದು ನಿಯಮ: ಏನೇ ಆದರೂ ನಿಲ್ಲಿಸಬಾರದು. ಸಂಗೀತ ನಿಂತರೆ ಸುಮ್ಮನಿದ್ದವರೂ ತಿರುಗಿ ನೋಡಿ ಜಗಳಕ್ಕೆ ಧುಮುಕುತ್ತಾರೆ. ಭಾವ ಕಣ್ಣು ಮಿಟುಕಿಸುತ್ತಿದ್ದ, ಎಲ್ಲರೂ ಸ್ಕಾದಿಂದ ರೆಗ್ಗೆಗೆ ಇಳಿಯುತ್ತಿದ್ದರು. ಒಬ್ಬನ ತಲೆಯ ಮೇಲೆ ಬಾಟಲಿ ಒಡೆದು, ರಕ್ತ ಸ್ಟೇಜಿನ ಅಂಚಿನವರೆಗೂ ಚಿಮ್ಮಿದ ದಿನವೂ ತುತ್ತೂರಿ ಬೂಟು ಹಿಂದಕ್ಕೆಳೆದುಕೊಂಡು ಊದುತ್ತಲೇ ಇದ್ದ. ಕಣ್ಣು ಮುಚ್ಚಿ ಊದುವುದು ಅವನ ರೂಢಿ. ಏಟಿನ ಸದ್ದು ಕಿವಿಗೆ ಬಿದ್ದರೂ ಕಣ್ಣು ತೆರೆಯದಷ್ಟು ರೂಢಿ.

ಅದೇ ಭಾವ ಮನೆಯಲ್ಲಿ ಅಕ್ಕನಿಗೆ ಹೊಡೆಯುತ್ತಿದ್ದ. ತುತ್ತೂರಿಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ, ಚೆನ್ನಾಗಿ ಗೊತ್ತಿತ್ತು. ಅಕ್ಕನ ತುಟಿ ಊದಿಕೊಂಡಿದ್ದನ್ನು ನೋಡಿದ್ದ, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುವುದನ್ನು ನೋಡಿದ್ದ. ತಾಯಿ ಸತ್ತ ಮೇಲೆ ಅನ್ನ ಹಾಕಿ ಬೆಳೆಸಿದವಳು ಅವಳು. ಅವನ ಮೊದಲ ಸ್ಯಾಕ್ಸಫೋನಿಗೆ ಕಿವಿಯ ಓಲೆ ಬಿಚ್ಚಿಕೊಟ್ಟವಳೂ ಅವಳೇ.

"ನಿಮ್ಮ ಭಾವಂಗೆ ಒಂದ್ ಮಾತು ಹೇಳೋ. ನಿನ್ ಮಾತು ಕೇಳ್ತಾರೆ" ಎಂದಿದ್ದಳು ಒಂದು ದಿನ, ಬಟ್ಟೆ ಹಿಂಡುತ್ತಾ.

"ಹೇಳ್ತೀನಿ ಅಕ್ಕಾ. ಈ ರೆಕಾರ್ಡಿಂಗ್ ಒಂದು ಮುಗೀಲಿ."

ರೆಕಾರ್ಡಿಂಗ್ ಮುಗಿಯಿತು, ಇನ್ನೊಂದು ಬಂತು. ಭಾವ ಮುನಿಸಿಕೊಂಡರೆ ಡ್ರಮ್ಮಿಲ್ಲ, ಡ್ರಮ್ಮಿಲ್ಲದಿದ್ದರೆ ಬ್ಯಾಂಡಿಲ್ಲ. ಒಂದು ಸಿಗರೇಟ್ ತುಂಡಿಗೆ ಅಷ್ಟು ರಂಪ ಮಾಡಿದವನು ಅಕ್ಕನ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೊಂದು ಭಾನುವಾರ ಮಧ್ಯಾಹ್ನ. ಪ್ರತಿ ಭಾನುವಾರ ಅಕ್ಕನ ಮನೆಯಲ್ಲೇ ಅಭ್ಯಾಸ. ಕೆಳಗೆ ಲಾರಿಗಳ ಗದ್ದಲ. ತುತ್ತೂರಿ ಎರಡೆರಡು ಮೆಟ್ಟಿಲು ಹಾರಿಕೊಂಡು ಮೂರನೇ ಮಹಡಿಗೆ ಬಂದ. ಬಾಗಿಲು ಹಾಕಿತ್ತು. ಒಳಗೆ ಧಡ್ ಎಂಬ ಸದ್ದು. ಸ್ವಲ್ಪ ಬಿಡುವು. ಮತ್ತೆ ಧಡ್, ಅದರ ಹಿಂದೆ ಹಗುರವಾಗಿ ಇನ್ನೊಂದು. ಭಾವ ಆಗಲೇ ಅಭ್ಯಾಸಕ್ಕೆ ಕೂತಿದ್ದಾನೆ ಎಂದುಕೊಂಡ. ಬಾಗಿಲು ಬಡಿದು ತಾಳ ಕೆಡಿಸುವುದು ಬೇಡವೆಂದು ಮೆಟ್ಟಿಲ ಮೇಲೆ ಕೂತು, ಪೆಟ್ಟಿಗೆ ತೆರೆದು, ಊದುವ ತುದಿಯ ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಊದಲು ಶುರುಮಾಡಿದ.

ಚೆನ್ನಾಗಿ ಊದಿದ. ಆ ಬಿಡುವಿನಲ್ಲಿ ಒಂದು ಉದ್ದನೆಯ ಸ್ವರ ಇಟ್ಟ, ಸರಿಯಾಗಿ ಅದರ ಬಾಲಕ್ಕೆ ಧಡ್ ಎಂದು ಬಿತ್ತು. ಖುಷಿಯಾಗಿ ಕಣ್ಣು ಮುಚ್ಚಿಕೊಂಡ. ಕೆಳಮಹಡಿಯ ಮುದುಕ ಬಾಗಿಲು ತೆರೆದು, "ಶುರುವಾಯ್ತಪ್ಪಾ ಇವರದ್ದು" ಎಂದು ಗೊಣಗಿ ಮುಚ್ಚಿಕೊಂಡ.

ಆಮೇಲೆ ಸದ್ದು ನಿಂತಿತು. ಭಾವ ಬಾಗಿಲು ತೆರೆದ. ಮೈಯೆಲ್ಲ ಬೆವರು.

"ಬಂದ್ಯಾ? ಸ್ವಲ್ಪ ಕೆಳಗೆ ಹೋಗಿ ಸಿಗರೇಟ್ ಸೇದ್ಕೊಂಡು ಬಾ ಹೋಗು" ಎಂದ.

ತುತ್ತೂರಿ ಅವನ ಭುಜದ ಮೇಲಿಂದ ಒಳಗೆ ನೋಡಿದ. ಡ್ರಮ್ ಇಡುವ ಮೂಲೆ ಖಾಲಿ. ಆಗ ನೆನಪಾಯಿತು: ನಿನ್ನೆ ಕಾರ್ಯಕ್ರಮ ಮುಗಿದ ಮೇಲೆ ಡ್ರಮ್ಮುಗಳನ್ನು ಹಾಲಿನಲ್ಲೇ ಬಿಟ್ಟು ಬೀಗ ಹಾಕಿದವನು ತಾನೇ. ಗೋಡೆಯ ಬುಡದಲ್ಲಿ ಅಕ್ಕ ಬಿದ್ದಿದ್ದಳು. ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ಗೋಡೆಯ ಮೇಲೆ, ತಲೆ ತಾಗುವ ಎತ್ತರದಲ್ಲಿ, ಕೆಂಪು ಗುರುತು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವನು ಮೊದಲು ಸ್ಯಾಕ್ಸಫೋನನ್ನು ಪೆಟ್ಟಿಗೆಯೊಳಗೆ ಜೋಪಾನವಾಗಿ ಇಟ್ಟ, ಆಮೇಲೆ ಎದ್ದ. ಅಷ್ಟರಲ್ಲಿ ಭಾವ ಅವನ ಬಾಯಿಗೇ ಗುದ್ದಿದ. ಊದುವವನಿಗೆ ಎಲ್ಲಿ ಹೊಡೆಯಬೇಕೆಂದು ಅವನಿಗೆ ಗೊತ್ತಿತ್ತು. ಮೇಲಿನ ಎರಡು ಹಲ್ಲು ಮುರಿದು ನಾಲಿಗೆಯ ಮೇಲೆ ಬಿದ್ದವು. ತುತ್ತೂರಿ ಅವನ್ನು ಉಗಿದು ಮೇಲೆ ಬಿದ್ದ. ಇಬ್ಬರೂ ಹೊಸ್ತಿಲ ಮೇಲೆ ಉರುಳಾಡಿದರು, ಕಚ್ಚಿದರು, ಒಬ್ಬರ ತಲೆಯನ್ನೊಬ್ಬರು ನೆಲಕ್ಕೆ ಕುಟ್ಟಿದರು. ಕೊನೆಗೆ ತುತ್ತೂರಿ ಭಾವನ ಬಲಗೈಯನ್ನು ಬಾಗಿಲ ಸಂದಿಗೆ ಎಳೆದು, ಬಾಗಿಲನ್ನು ಮೈಯ ಭಾರವೆಲ್ಲ ಹಾಕಿ ಮುಚ್ಚಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ. ಮೂಳೆ ಮುರಿದ ಸದ್ದಿಗೆ ಅವನಿಗೇ ಅಳು ಬಂತು. ಆ ಕೈಯನ್ನು ಅವನು ಅಷ್ಟು ಪ್ರೀತಿಸುತ್ತಿದ್ದ. ಅಳುತ್ತಲೇ ಇನ್ನೊಂದು ಸಲ ಮುಚ್ಚಿದ.

ಪೊಲೀಸರು ಬಂದರು, ಕೇಸಾಯಿತು. ಡ್ರಮ್ಮಿನ ಕೋಲು ಹಿಡಿಯಲಾಗದ ಕೈ ಹೊತ್ತು ಭಾವ ಊರು ಬಿಟ್ಟ. ಅಕ್ಕ ತಮ್ಮನ ಕೋಣೆಗೆ ಬಂದಳು. ಅವಳ ಎಡಗಿವಿ ಕೇಳಿಸುವುದೇ ನಿಂತುಹೋಯಿತು. ಶೆಡ್ಡಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿ, "ತಮ್ಮ ಅಂದ್ರೆ ಹೀಗಿರ್ಬೇಕು" ಎಂದರು, ನೀಲಿ ಕಿವಿಯ ಪೇಂಟರ್ ಕೂಡ. ಅವನೂ ಬರಬರುತ್ತಾ ಅದನ್ನು ನಂಬಿದ. ತಪ್ಪಾಯಿತು ನಿಜ, ಆದರೆ ಗೊತ್ತಾಗದೆ ಆದದ್ದು, ಗೊತ್ತಾದ ಕೂಡಲೇ ನುಗ್ಗಲಿಲ್ಲವೇ?

ಹಲ್ಲು ಕಟ್ಟಿಸಿಕೊಂಡ ಮೇಲೆ ಹೊಸ ಡ್ರಮ್ಮಿನವನು ಸಿಕ್ಕ. ಮತ್ತೆ ಊದುವ ಆಸೆ. ಅಕ್ಕನನ್ನು ಒಂದು ಮಾತು ಕೇಳದೆ ಪೆಟ್ಟಿಗೆ ಮುಟ್ಟಲು ಮನಸ್ಸಾಗಲಿಲ್ಲ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಬಲಗಡೆಗೆ ಹೋಗಿ ಕೂತ.

"ಅಕ್ಕಾ, ಆವತ್ತು ನೀನು ಒಂದ್ಸಲ ಕೂಗಿದ್ರೆ ಸಾಕಿತ್ತು. ಬಾಗಿಲು ಮುರ್ಕೊಂಡು ಬರ್ತಿದ್ದೆ. ಯಾಕೆ ಕೂಗ್ಲಿಲ್ಲ?"

ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಕೂಗ್ತಾನೇ ಇದ್ದೆ ಕಣೋ. ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಕೇಳಿಸ್ತು. ಎರಡೆರಡು ಮೆಟ್ಟಿಲು ಹಾರೋನು ನೀನೊಬ್ನೇ ಅಲ್ವಾ? ಕೂಗಿದಷ್ಟೂ ಅವ್ನು ಜೋರಾಗಿ ಹೊಡೀತಿದ್ದ. ಸದ್ಯ, ನನ್ ತಮ್ಮ ಬಂದ, ಇನ್ನು ಕೂಗೋದ್ಯಾಕೆ ಅಂತ ಹಲ್ಲು ಕಚ್ಕೊಂಡು ಸುಮ್ನಾದೆ."

ಚಾಕುವಿನಿಂದ ಈರುಳ್ಳಿಯನ್ನು ಪಾತ್ರೆಗೆ ತಳ್ಳಿದಳು.

"ಆಮೇಲೆ ನೀನು ಊದೋಕೆ ಶುರು ಮಾಡ್ದೆ."